ಬಾಯಿ ಮುಚ್ಚಿದ ರೇಡಿಯೋ

ನಮ್ಮ ಯಜಮಾನರದು ಕ್ಷೌರದ ಅಂಗಡಿ. ಅವರ ಕತ್ತಿಗೆ ಕೆನ್ನೆ ಕೊಟ್ಟವರು ಹಾಗೇ ನಿದ್ದೆ ಹೋಗುತ್ತಾರೆ. "ನನ್ನ ಕೈ ಅಂಥದ್ದು ಕಣೇ" ಎಂದು ದಿನಕ್ಕೆ ಹತ್ತು ಸಲ ಹೇಳದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಕುರ್ಚಿಯಲ್ಲಿ ಯಾರಾದರೂ ಗೊರಕೆ ಹೊಡೆದರೆ ಮುಗಿಯಿತು, ಕಾಯುವವರು ಕೆಮ್ಮುವ ಹಾಗೂ ಇಲ್ಲ.

ಅವರಿಗೆ ಜಗ್ಗದವನು ನನ್ನ ತಮ್ಮ ಒಬ್ಬನೇ. ಎಲ್ಲರೂ ಅವನನ್ನು ರೇಡಿಯೋ ಅಂತಲೇ ಕರೆಯುವುದು. ಮುಖದ ತುಂಬ ನೊರೆಯಿದ್ದರೂ ಬಾಯಿ ನಿಲ್ಲದು. ಹೋದ ವರ್ಷ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡ, ನೋವಿಗೆ ಜೋರು ಮಾತ್ರೆ ಶುರುವಾಯಿತು. ಬೆನ್ನು ಸರಿಹೋಯಿತು, ಮಾತ್ರೆ ಬಿಡಲಿಲ್ಲ. ಕೇಳಿದರೆ ಒಂದೇ ಎನ್ನುತ್ತಿದ್ದ, ನುಂಗುತ್ತಿದ್ದದ್ದು ನಾಲ್ಕು. ನಾನು ಮಡಿಲಲ್ಲಿ ಕೆಂಡ ಕಟ್ಟಿಕೊಂಡೇ ಓಡಾಡುತ್ತಿದ್ದೆ.

ಕ್ಲಿನಿಕ್ಕಿನ ನರ್ಸು ಬೀದಿಯ ಅಂಗಡಿಯವರನ್ನೆಲ್ಲ ಕೂರಿಸಿ, ಇಂಥ ಮಾತ್ರೆಯೋ ನಶೆಯೋ ಹೆಚ್ಚಾಗಿ ಉಸಿರು ನಿಲ್ಲುತ್ತಾ ಬಂದವರ ಮೂಗಿಗೆ ಹೊಡೆಯುವ ಔಷಧಿಯನ್ನು ಪುಕ್ಕಟೆ ಹಂಚಿದಾಗ ಮೊದಲು ಕೈ ಚಾಚಿದವಳು ನಾನೇ.

"ಇದನ್ನ ಇಟ್ಕೊಂಡ್ರೆ ನಶೆ ಮಾಡೋರೆಲ್ಲ ನಮ್ಮ ಅಂಗಡಿಗೇ ಬರ್ತಾರೆ" ಎಂದು ಯಜಮಾನರು ಮೂತಿ ತಿರುಗಿಸಿದರು.

"ಬರ್ಲಿ ಬಿಡಿ. ಅವ್ರಿಗೂ ಗಡ್ಡ ಬೆಳೆಯುತ್ತಲ್ವಾ?" ಎಂದು ಔಷಧಿಯನ್ನು ಪೌಡರ್ ಡಬ್ಬಿಯ ಪಕ್ಕ ಇಟ್ಟೆ.

ಹೋದ ವಾರ ಒಂದು ಮಧ್ಯಾಹ್ನ ಅಂಗಡಿಗೆ ಹೋದರೆ ಯಜಮಾನರು ತುಟಿಯ ಮೇಲೆ ಬೆರಳಿಟ್ಟರು. ಮುಖ ಊರಗಲ.

"ಮೆಲ್ಲಗೆ ಬಾರೇ. ರೇಡಿಯೋನೂ ಆಫ್ ಮಾಡ್ಬಿಟ್ಟೆ."

ಕುರ್ಚಿಯಲ್ಲಿ ತಮ್ಮ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ನೊರೆ. ಸರದಿಗೆ ಕಾಯುತ್ತಿದ್ದ ದರ್ಜಿ, ಸದ್ದಾಗುತ್ತದೆಂದು ಫ್ಯಾನನ್ನೂ ಆರಿಸಿ ಬೆವರುತ್ತಿದ್ದ.

ನಾನು ಓಡಿಹೋಗಿ ಅವನ ಮುಖಕ್ಕೆ ಬಗ್ಗಿದೆ. ಜ್ವರ ಬಂದಾಗಲೂ ಬಾಯಿ ಮುಚ್ಚಿದವನಲ್ಲ ನನ್ನ ತಮ್ಮ. ಗೊರಕೆಯೋ, ಗಂಟಲಲ್ಲಿ ನೀರು ಗುಳುಗುಳು ಅಂದ ಹಾಗೆ; ಒಂದಾದ ಮೇಲೆ ಇನ್ನೊಂದು ಬರುವುದೇ ಅನುಮಾನ. ತುಟಿ ನೀಲಿಗಟ್ಟಿತ್ತು.

"ನಿದ್ದೆ ಅಲ್ಲ ರೀ ಇದು" ಎಂದು, ಎಚ್ಚರವಾದಾನೇನೋ ಅಂತ ಅವನ ಎದೆಮೂಳೆಯನ್ನು ಮುಷ್ಟಿಯಿಂದ ಉಜ್ಜಿದೆ.

"ಎಬ್ಬಿಸ್ಬೇಡ ಕಣೇ, ಪಾಪ" ಎಂದರು ಈ ಮಹಾನುಭಾವರು.

ಅವನು ಕದಲಲಿಲ್ಲ. ಆಗ ಇವರ ಮುಖದ ಬಣ್ಣ ಇಳಿಯಿತು. ದರ್ಜಿ ಆಂಬುಲೆನ್ಸಿಗೆ ಫೋನ್ ಮಾಡಿದ. ಇವರು ತಮ್ಮನನ್ನು ನೆಲದ ಮೇಲೆ ಮಲಗಿಸಿದರು. ತಲೆ ಹಿಂದಕ್ಕೆ ಬಾಗಿಸಿ ಮೂಗಿನ ಒಂದು ಹೊಳ್ಳೆಗೆ ಔಷಧಿ ಒತ್ತಿದೆ. ನರ್ಸು ಕಲಿಸಿದಂತೆ ಬಾಯಿಗೆ ಬಾಯಿಟ್ಟು ಉಸಿರು ಊದಿದೆ, ಸೋಪೆಲ್ಲ ನನ್ನ ಮುಖಕ್ಕೆ. ನಡುನಡುವೆ "ಮಾತಾಡೋ, ಏನಾದ್ರೂ ಮಾತಾಡೋ" ಎಂದು ಅತ್ತೆ. ಅವನಿಗೆ ಮಾತು ಬಂದಾಗಿನಿಂದ ಬಾಯಿ ಮುಚ್ಚೋ ಎಂದು ಗದರಿದವಳು ನಾನು.

ಕೊನೆಗೆ ಕೆಮ್ಮಿದ. ಕಣ್ಣು ಬಿಟ್ಟು ನನ್ನನ್ನೇ ನೋಡಿದ.

"ಅಕ್ಕಾ, ಭಾವ ನಿಂಗೂ ಶೇವಿಂಗ್ ಮಾಡ್ತಿದಾರಾ?"

ದರ್ಜಿ ಪಕ್ಕನೆ ನಕ್ಕುಬಿಟ್ಟ. ಯಜಮಾನರು ಕತ್ತಿ ಹಿಡಿದುಕೊಂಡೇ ಗೊಳೋ ಎಂದು ಅತ್ತರು.

ಆಸ್ಪತ್ರೆಯಿಂದ ಬಂದ ಮೇಲೆ ತಮ್ಮ ಮಾತ್ರೆ ಬಿಡಿಸಿಕೊಳ್ಳಲು ಡಾಕ್ಟರ ಹತ್ತಿರ ಹೋಗುತ್ತಿದ್ದಾನೆ. ದರ್ಜಿ ತನ್ನ ಅಂಗಡಿಗೂ ಔಷಧಿ ತಂದಿಟ್ಟುಕೊಂಡ. ನಮ್ಮ ಅಂಗಡಿಯಲ್ಲಂತೂ ಈಗ ಯಾರೂ ಕಣ್ಣು ಮುಚ್ಚುವಂತಿಲ್ಲ, ಯಜಮಾನರು ಚಿವುಟಿ ಎಬ್ಬಿಸುತ್ತಾರೆ. ಹಳೇ ಗಿರಾಕಿಗಳಿಬ್ಬರು ಬೈದುಕೊಂಡು ಬೇರೆ ಅಂಗಡಿ ಹಿಡಿದರು.

ನಿನ್ನೆ ತಮ್ಮ ಬಾಕಿ ಕೆನ್ನೆ ಕೊಡಲು ಬಂದ. ಏಣಿಯ ಕಥೆ ಶುರು ಮಾಡಿ, ಕತ್ತಿ ತುಟಿಯ ಹತ್ತಿರ ಬಂದಾಗ ಸುಮ್ಮನಾದ. ಯಜಮಾನರ ಕೈ ಅಲ್ಲೇ ನಿಂತಿತು.

"ಯಾಕೆ ನಿಲ್ಲಿಸ್ದೆ? ಮಾತಾಡು."

"ಭಾವ, ತುಟಿ ಮೇಲೆ ಕತ್ತಿ ಇದೆ."

ಯಜಮಾನರು ಕತ್ತಿ ಕೆಳಗಿಟ್ಟರು. "ಅದು ಕಾಯುತ್ತೆ. ನೀನು ಮಾತಾಡು."