ಆಣೆ ಮಾಡಿಸದ ಸಭೆ

ಅಬಲೂರಿನ ಫಕ್ಕೀರೇಶನಿಗೆ ಗೊತ್ತಿದ್ದದ್ದು ಒಂದೇ ಕಸುಬು, ತೆನೆ ಒಕ್ಕುವ ರಾಶಿ ಯಂತ್ರ ಓಡಿಸುವುದು. ಯಂತ್ರವೂ ಅದನ್ನು ಎಳೆಯುವ ಟ್ರ್ಯಾಕ್ಟರೂ ಅಕ್ಕ ಸುನಿತಾಳ ಗಂಡ ರುದ್ರೇಶನವು. ಹಿಂದಿನ ಸುಗ್ಗಿಯಲ್ಲಿ ಗೋವಿನಜೋಳ ಒಕ್ಕುವಾಗ ಫಕ್ಕೀರೇಶ ಕುಡಿದ ಅಮಲಿನಲ್ಲಿ ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಟ್ಟಿದ್ದ. ತೆನೆ ಸುರಿಯುತ್ತಿದ್ದ ಆಳು ಪಕ್ಕಕ್ಕೆ ಜಿಗಿದು ಉಳಿದುಕೊಂಡ. ಅಂದಿನಿಂದ ರುದ್ರೇಶ ಅವನನ್ನು ಸ್ಟೇರಿಂಗ್ ಹತ್ತಿರ ಸೇರಿಸಿರಲಿಲ್ಲ.

"ಕುಡಿಯೂದು ಬಿಟ್ಟಿ ಅಂತ ನನಗ ಖಾತ್ರಿ ಆಗಬೇಕು. ಆಮ್ಯಾಲ ಗಾಡಿ ಹತ್ತು" ಎಂದು ಈ ಸುಗ್ಗಿಗೆ ಮೊದಲೇ ಹೇಳಿದ್ದ.

ಆಸ್ಪತ್ರೆಯ ನರ್ಸ್ ಒಬ್ಬಳು ಒಂದು ಫೋನ್ ನಂಬರ್ ಕೊಟ್ಟಳು. ಕುಡಿತ ಬಿಟ್ಟವರು, ಬಿಡಬೇಕೆಂದಿರುವವರು ವಾರಕ್ಕೊಮ್ಮೆ ಕೂಡಿ ಮಾತನಾಡುತ್ತಾರೆ, ಕೇಳಿ ನೋಡು ಎಂದಳು. ಫೋನ್ ಎತ್ತಿದವರು, "ಹೆಸರಷ್ಟ ಹೇಳ್ರಿ. ಊರು, ಮನೆತನ ಬ್ಯಾಡ" ಎಂದರು. ಹೆಸರಿಗಿಂತ ಮೊದಲು ಊರು ಕೇಳುವ ಸೀಮೆಯಲ್ಲಿ ಫಕ್ಕೀರೇಶನಿಗೆ ಇದು ವಿಚಿತ್ರವೆನಿಸಿತು. ಹಿರೇಕೆರೂರಿನಲ್ಲೂ ಸಭೆ ಇತ್ತು, ಆದರೆ ಅದು ಸಂತೆಯ ದಿನ. ಅರ್ಧ ಅಬಲೂರು ಅಲ್ಲೇ ಇರುತ್ತದೆ. ಅವನು ಹಾವೇರಿಯಲ್ಲಿ ಬಸ್ ಬದಲಿಸಿ ಹೋಗಬೇಕಾದ ಸವಣೂರನ್ನೇ ಆರಿಸಿದ. ಹೊರಡುವಾಗ ಸುನಿತಾ ಕೈಚೀಲದಲ್ಲಿ ತೆಂಗಿನಕಾಯಿ, ಕರ್ಪೂರ ಇಟ್ಟಳು.

ಸಭೆ ನಡೆಯುತ್ತಿದ್ದದ್ದು ಅಂಗಡಿಯೊಂದರ ಮಹಡಿಯ ಕೋಣೆಯಲ್ಲಿ. ಏಳೆಂಟು ಜನ ಚಾಪೆಯ ಮೇಲೆ ಕುಳಿತಿದ್ದರು. ಫಕ್ಕೀರೇಶ ಕಾಯಿ, ಕರ್ಪೂರ ತೆಗೆದು ನಡುವೆ ಇಟ್ಟ.

"ಯಾವ ದೇವರ ಮುಂದ ಆಣಿ ಮಾಡಬೇಕ್ರಿ?"

ಎಲ್ಲರೂ ನಕ್ಕರು. ವೀಳ್ಯದೆಲೆ ವ್ಯಾಪಾರದ ಸಿರಾಜುದ್ದೀನ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಇಲ್ಲಿ ಆಣಿ ಇಲ್ಲ ತಮ್ಮಾ. ಆಣಿ ಮಾಡಿ ಮಾಡೀನ ನಾವೆಲ್ಲ ಇಲ್ಲಿ ಬಂದು ಬಿದ್ದೇವಿ. ನಮ್ಮಾಗ ಕುಡಿಯೂದು ಮೊದಲ ಹರಾಮು. ನಾ ದರ್ಗಾದಾಗ ಆಣಿ ಮಾಡಿ ಅದನ್ನೂ ಮುರದಾಂವ. ಎರಡು ಗುನ್ಹೆ!"

"ಹಂಗಾರ ಮತ್ತ ಏನ್ ಮಾಡ್ತೀರಿ?"

"ಇವತ್ತೊಂದಿನ ಕುಡಿಯೂದಿಲ್ಲ. ನಾಳಿದ್ದು ನಾಳಿ. ತಲಬು ಬಂತಂದ್ರ ಕುಡಿಯೂಕಿಂತ ಮೊದಲ ನನಗ ಫೋನ್ ಹಚ್ಚು, ಕುಡದ ಮ್ಯಾಲಲ್ಲ."

"ಮನ್ಯಾಗ ಏನಂತ ಹೇಳ್ಲಿ? ಆಣಿ ಮಾಡಿ ಬರ್ತಾನಂತ ಕುಂತಾರ್ರಿ."

"ಕಾಯಿ ಒಡೀರಿ ಮೊದಲ," ಎಂದ ಮೂಲೆಯಲ್ಲಿದ್ದವನೊಬ್ಬ. "ಚುರುಮುರಿ ಜೋಡಿ ಛಲೋ ಆಗ್ತೈತಿ."

ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳಿದರು. ಯಾರೂ ನಡುವೆ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ. ಫಕ್ಕೀರೇಶ ತನ್ನ ಸರದಿಯಲ್ಲಿ ಟ್ರ್ಯಾಕ್ಟರಿನ ಸಂಗತಿ ಹೇಳಿದ.

ಊರಿಗೆ ಮರಳಿ ಹೇಳಿದಾಗ ರುದ್ರೇಶನಿಗೆ ಇದಾವುದೂ ತಲೆಗೆ ಹತ್ತಲಿಲ್ಲ. "ಸವಣೂರತನಾ ಹೋಗಿ ಚುರುಮುರಿ ತಿಂದು ಬಂದ್ಯಾ? ನಡಿ ಸೋಮೇಶ್ವರನ ಗುಡಿಗೆ. ಈಗ ಆಣಿ ಮಾಡು, ನಾಳಿಂದ ಗಾಡಿ ನಿಂದು."

ಗುಡಿ ದೂರವಿರಲಿಲ್ಲ. ಫಕ್ಕೀರೇಶ ಅಲ್ಲಿ ಮೊದಲೂ ಆಣೆ ಮಾಡಿದ್ದ, ಅವ್ವನ ತಲೆ ಮುಟ್ಟಿಯೂ ಮಾಡಿದ್ದ. ಚಪ್ಪಲಿ ಮೆಟ್ಟಿ ಅಂಗಳದವರೆಗೆ ಹೋದವನು ನಿಂತ.

"ಬ್ಯಾಡ ಮಾಂವ. ಆಣಿ ಮಾಡಿದ್ರ ನನಗ ಧೈರ್ಯ ಬರ್ತೈತಿ, ಇನ್ನ ಬಿಟ್ಟಂಗ ಆತು ಅಂತ. ಆ ಧೈರ್ಯದಾಗ ಬ್ರಾಂದಿ ಅಂಗಡಿ ಮುಂದ ಹಾದು ಹೋಗ್ತೇನಿ, ಕಾಲು ಒಳಗ ಎಳೀತಾವು. ಇವತ್ತು ಕುಡದಿಲ್ಲ. ನಾಳಿ ಮುಂಜಾನೆ ಬಂದು ಮತ್ತ ಹೇಳ್ತೇನಿ."

"ಹಂಗಾರ ತೆನಿ ಹೊರು."

ಫಕ್ಕೀರೇಶ ತೆನೆ ಹೊತ್ತ. ಪ್ರತಿ ಮುಂಜಾನೆ ರುದ್ರೇಶನ ಮುಂದೆ ನಿಂತು, "ನಿನ್ನೆ ಕುಡದಿಲ್ಲ, ಇವತ್ತೂ ಕುಡಿಯೂದಿಲ್ಲ" ಎನ್ನುತ್ತಿದ್ದ. ರುದ್ರೇಶ ತಲೆ ಎತ್ತುತ್ತಿರಲಿಲ್ಲ. ಆದಿತ್ಯವಾರ ಸಭೆಗೆ ಹೋಗುವ ಸವಣೂರಿನ ಬಸ್ಸನ್ನು ಫಕ್ಕೀರೇಶ ತಪ್ಪಿಸುತ್ತಿರಲಿಲ್ಲ.

ಅದೇ ಊರಿನ ಉಳಿವೆಪ್ಪನ ಹೊಲದ ರಾಶಿ ಒಂದು ಸಂಜೆ ಮುಗಿಯಿತು. ರಾಶಿ ಮುಗಿದ ದಿನ ಯಂತ್ರದವರಿಗೆ ಕೂಲಿಯ ಜೊತೆ ಬಾಟ್ಲಿ ಕೊಡುವುದು ಅಲ್ಲಿನ ರೂಢಿ. ಕೊಡದಿದ್ದರೆ ಹೊಲದವನಿಗೆ ಅವಮಾನ, ಒಲ್ಲೆಂದರೂ ಅವನಿಗೇ ಅವಮಾನ.

"ನಾ ಕೊಟ್ಟಿದ್ದು ಸೇರೂದಿಲ್ಲೇನಪಾ?" ಎಂದು ಉಳಿವೆಪ್ಪ ಬಾಟ್ಲಿಯನ್ನು ಒಲ್ಲೆಂದ ಫಕ್ಕೀರೇಶನ ಕೈಗೇ ಇಟ್ಟ.

"ಫಕ್ಕೀರೇಶ ಈಗ ಸ್ವಾಮಿ ಆಗ್ಯಾನ, ಕಾಲಿಗೆ ಬೀಳ್ರೋ!" ಆಳೊಬ್ಬ ಕೂಗಿದ.

ಫಕ್ಕೀರೇಶ ಬಾಟ್ಲಿಯನ್ನು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲಿಟ್ಟು ಬದುವಿನ ಕಡೆ ನಡೆದ. ಬೇರೆಲ್ಲೋ ಕುಡಿಯಲು ಹೊರಟನೆಂದೇ ತಿಳಿದು ರುದ್ರೇಶ ಹಿಂದೆ ಹೋದ.

ಫಕ್ಕೀರೇಶ ಬದುವಿನ ಮೇಲೆ ಕುಳಿತು ಫೋನಿನಲ್ಲಿ ಮಾತನಾಡುತ್ತಿದ್ದ. "ಸಿರಾಜಣ್ಣ, ಬಾಟ್ಲಿ ಕೈಯಾಗ ಬಂದಿತ್ತು. ಇಟ್ಟು ಬಂದೇನಿ. ತಲಬು ಬಂದೈತಿ."

ಸ್ಪೀಕರಿನಲ್ಲಿ ಸಿರಾಜುದ್ದೀನರ ದನಿ ದೊಡ್ಡದಾಗಿ ಬಂತು. "ಅಲ್ಲೇ ಕುಂದ್ರು. ಫೋನ್ ಇಡಬ್ಯಾಡ. ಮಧ್ಯಾಹ್ನ ಏನ್ ಉಂಡಿ?"

"ರೊಟ್ಟಿ, ಬದನೀಕಾಯಿ ಪಲ್ಯ."

"ಖಾರ ಇತ್ತೇನು? ಯಾರು ಮಾಡಿದ್ದು?"

"ಅಕ್ಕ. ಆಕಿ ಕೈ ಖಾರದ್ದು."

ಮಾತು ಪಲ್ಯದಿಂದ ಎಲೆಬಳ್ಳಿಗೆ, ಅಲ್ಲಿಂದ ಸಿರಾಜುದ್ದೀನರ ಮಂಡಿನೋವಿಗೆ ಹೋಯಿತು. ಕತ್ತಲಾಗುವವರೆಗೆ ರುದ್ರೇಶ ಹಿಂದೆ ನಿಂತು ಕೇಳಿದ. ಫೋನ್ ಇಟ್ಟ ಮೇಲೆ ಪಕ್ಕದಲ್ಲಿ ಬಂದು ಕುಳಿತ.

"ಹಿರೇಬೆಂಡಿಗೇರಿಯವ್ರು ರಾಶಿಗೆ ಕರ್ಯಾಕತ್ತಾರ. ಒಪ್ಪಿಕೊಳ್ಳಲೇನು? ಅಲ್ಲಿಂದ ನಿನಗ ಸವಣೂರು ಹತ್ರ. ಆದಿತ್ಯವಾರ ಗಾಡಿ ನಿಲ್ಸೂಣು."

"ಒಪ್ಪಿಕೊ ಮಾಂವ. ತೆನಿ ಹೊರಾಕ ನಾ ಇದ್ದೇನಿ."

"ಹೊರಾಕ ಅಲ್ಲೇ ಮಂದಿ ಸಿಗ್ತಾರ. ಓಡ್ಸಾಕ ನೀನ ಬೇಕು." ರುದ್ರೇಶ ಎದ್ದು ಧೋತರ ಕೊಡವಿಕೊಂಡ. "ಆದ್ರ ದಿನಾ ಮುಂಜಾನೆ ನನ್ನ ಮುಂದ ಬಂದು ಹೇಳಿದ ಮ್ಯಾಲನ ಗಾಡಿ ಹತ್ತಬೇಕು."