ಗ್ರೀನ್‌ಹೌಸಿನ ಒತ್ತು

ಪೇಂಟರ್ ಗೋಡೆಗೆ ಕೊನೆಯ ಪಟ್ಟಿ ಎಳೆದು ಏಣಿಯಿಂದ ಇಳಿಯುವುದಕ್ಕೂ ಟೀಚರಮ್ಮ ಕಣ್ಣಿನ ಆಸ್ಪತ್ರೆಯಿಂದ ಮರಳುವುದಕ್ಕೂ ಸರಿಹೋಯಿತು. ಅವನನ್ನು ಕೆಲಸಕ್ಕೆ ಕರೆದವರು ಅವರೇ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು.

“ಅಯ್ಯೋ, ಪಕ್ಕದ ವಕೀಲರ ಮನೆಗೆ ಯಾಕಪ್ಪ ಬಳಿದೆ?”

“ನೀವೇ ಫೋನಲ್ಲಿ ಹೇಳಿದ್ರಲ್ಲಮ್ಮ, ಗ್ರೀನ್ ಹೌಸಿಗೆ ಬಿಳಿ ಬಳಿ ಅಂತ. ಬೀದೀಲಿ ಹಸಿರು ಮನೆ ಇದ್ದಿದ್ದು ಇದೊಂದೇ.”

ಈಗ ಅದೂ ಇರಲಿಲ್ಲ. ಮಗಳ ಮನೆಗೆ ಹೋಗಿದ್ದ ವಕೀಲರು ಸಂಜೆ ಬರುವವರಿದ್ದರು.

ಟೀಚರಮ್ಮ ಪೇಂಟರನ ಹಲಗೆಯ ಮೇಲೆ ಸೀಮೆಸುಣ್ಣದಿಂದ ‘ಗ್ರೀನ್’, ‘ಹೌಸ್’ ಎಂದು ಬರೆದು ನಡುವೆ ಗೆರೆ ಎಳೆದರು. ಮೊದಲನೆಯದರ ತಲೆಯ ಮೇಲೊಂದು ಗೀಟು ಹಾಕಿದರು.

“ಮೊದಲ್ನೇ ತುಂಡನ್ನ ಮಾತ್ರ ಒತ್ತಿ ಹೇಳಿದ್ರೆ ಗಿಡ ಬೆಳೆಸೋ ಗಾಜಿನ ಮನೆ. ನನ್ನ ಹಿತ್ತಲಲ್ಲಿದೆಯಲ್ಲ, ಅದು. ಬಿಸಿಲು ತಡೆಯೋಕೆ ಗಾಜಿಗೆ ಬಿಳಿ ಬೇಕಿತ್ತು. ಎರಡಕ್ಕೂ ಒತ್ತು ಬಿದ್ರೆ ಹಸಿರು ಬಣ್ಣದ ಮನೆ.”

“ಇಷ್ಟು ಚಿಕ್ಕ ಗೀಟಿಗೆ ಇಷ್ಟು ದೊಡ್ಡ ಗೋಡೆನಾ?” ಪೇಂಟರ್ ಗೋಡೆಯತ್ತ ತಿರುಗಿ ನೋಡಿದ. ಈ ಸುದ್ದಿ ಹಬ್ಬಿದರೆ ಈ ಬಡಾವಣೆಯಲ್ಲಿ ಅವನನ್ನು ಇನ್ನು ಯಾರೂ ಕರೆಯುವಂತಿರಲಿಲ್ಲ. ಸಂಜೆಯವರೆಗೂ ಅವನು ಎರಡೂ ಬಗೆಯಲ್ಲಿ ಹೇಳಿ ಹೇಳಿ ನಾಲಿಗೆ ಪಳಗಿಸಿಕೊಂಡ.

ವಕೀಲರು ಚೀಲ ಹಿಡಿದು ಬಂದವರು ತಮ್ಮ ಗೇಟನ್ನು ದಾಟಿ ಎರಡು ಮನೆ ಮುಂದೆ ಹೋದರು. ನಿಂತರು. ತಿರುಗಿ ಬಂದರು.

“ನನ್ನ ಮನೆ ಎಲ್ಲಿ?”

“ಒತ್ತು ತಪ್ಪೋಯ್ತು ಸಾರ್,” ಪೇಂಟರ್ ಕೈಮುಗಿದ.

ಟೀಚರಮ್ಮ ಹಲಗೆ ತೋರಿಸಿ ವಿವರಿಸಿದಷ್ಟೂ ವಕೀಲರ ಪಿತ್ತ ನೆತ್ತಿಗೇರಿತು. “ಯಾವ ಜಡ್ಜ್ ಒಪ್ತಾನ್ರೀ ಇದನ್ನ? ಗ್ರೀನ್ ಹೌಸ್, ಗ್ರೀನ್ ಹೌಸ್! ಏನ್ರೀ ವ್ಯತ್ಯಾಸ?”

ಪೇಂಟರನಿಗೆ ತಡೆಯಲಾಗಲಿಲ್ಲ. “ಇಲ್ಲ ಸಾರ್. ಎರಡು ಸಲಾನೂ ನೀವು ಹೇಳಿದ್ದು ನಿಮ್ಮ ಮನೇನೇ.”

ವಕೀಲರು ಹಲಗೆಯ ಮೇಲಿನ ಗೀಟನ್ನು ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ, ತಮಗೇ ಹೇಳಿಕೊಳ್ಳುವಂತೆ, ಇನ್ನೊಮ್ಮೆ ಪ್ರಯತ್ನಿಸಿದರು.

“ಹಾಂ, ಈಗ ಬಂತು ನೋಡಿ ಗಾಜಿನ ಮನೆ!” ಎಂದ ಪೇಂಟರ್.

ವಕೀಲರ ಮುಖ ಅರಳಿತು. ಮರುಕ್ಷಣವೇ ತಾವು ಸಿಟ್ಟಿನಲ್ಲಿರುವುದು ನೆನಪಾಗಿ ಗಂಟಿಕ್ಕಿಕೊಂಡರು.

“ತಪ್ಪು ನಂದು ವಕೀಲರೇ,” ಟೀಚರಮ್ಮ ತಲೆ ತಗ್ಗಿಸಿದರು. “ಗಿಡದ ಮನೆ ಅಂತ ಹೇಳೋಕೆ ನನಗೇನಾಗಿತ್ತು? ಹಸಿರು ಬಣ್ಣ ನಾನೇ ತರಿಸ್ತೀನಿ.”

“ನಾಳೆ ಸಂಜೆಯೊಳಗೆ ಬಳಿದಿರಬೇಕು,” ಎಂದು ವಕೀಲರು ಬಾಗಿಲು ಹಾಕಿಕೊಂಡರು.

ಮರುದಿನ ಬಣ್ಣದ ಡಬ್ಬ ಬರುವ ಮೊದಲು ಪೇಂಟರ್ ಹಿತ್ತಲ ಗಾಜಿಗೆ ಬಿಳಿ ಬಳಿಯತೊಡಗಿದ. ಒಂದೊಂದು ಪಟ್ಟಿ ಎಳೆದಂತೆ ಒಳಗಿನ ಸಸಿಗಳ ಮೇಲೆ ತಂಪು ನೆರಳು ಇಳಿಯಿತು. ಕಾಂಪೌಂಡಿನ ಆಚೆ ವಕೀಲರು ಒಬ್ಬರೇ ಅಡ್ಡಾಡುತ್ತ ಅದೇ ಪದವನ್ನು ಹೇಳಿಕೊಳ್ಳುತ್ತಿದ್ದರು. ಅವರ ಒತ್ತು ತಪ್ಪಿದಾಗಲೆಲ್ಲ ಪೇಂಟರನ ಬ್ರಶ್ ಗಾಜಿನ ಮೇಲೆ ಒಂದು ಗಳಿಗೆ ನಿಂತು, ಮತ್ತೆ ಚಲಿಸುತ್ತಿತ್ತು.