ಇಸ್ತ್ರಿ ಇಳಿಯುವ ಮುಂಚೆ

ಸ್ಸ್, ಸ್ಸ್ — ಡ್ರಮ್ಮಿನವನ ತಂತಿಕುಂಚ ಚರ್ಮದ ಮೇಲೆ ಸರಿಯುತ್ತಿದೆ, ಒದ್ದೆ ಅಂಗಿಯ ಮೇಲೆ ಇಸ್ತ್ರಿ ಎಳೆದ ಹಾಗೆ, ಅಮ್ಮನ ಇಸ್ತ್ರಿ, ಬ್ರಾಂಕ್ಸಿನ ಆ ಬಾಡಿಗೆ ಮನೆಯ ಅಡುಗೆಕೋಣೆ, ಅಂಗಿಗೆ ಹಾಕಿದ ಗಂಜಿಯ ವಾಸನೆ — ಪರದೆಯ ಬದಿಯಲ್ಲಿ ನಿಂತ ಅರ್ನೆಟಾ ಮೂಗು ಅರಳಿಸಿದಳು, ಗಂಜಿಯೂ ಇಲ್ಲ ಗಿಂಜಿಯೂ ಇಲ್ಲ, ಬರುತ್ತಿರುವುದು ಸ್ಯಾಕ್ಸೋಫೋನಿನವನ ಸೆಂಟಿನ ಘಾಟು, ಅವನ ಸೋಲೋ ಇನ್ನೂ ನಡೆಯುತ್ತಲೇ ಇದೆ, ಹೆಸರಿಗಷ್ಟೇ ಸೋಲೋ, ಸೋಲೊಪ್ಪುವ ಲಕ್ಷಣವೇ ಇಲ್ಲ, ಮೋ ಫಿಂಕ್‌ಲರನ ನೂರನೇ ಹುಟ್ಟುಹಬ್ಬದ ಕಛೇರಿಯಲ್ಲಿ ಮೋ ಕಟ್ಟಿದ ರಾಗ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಊದಿ ಮುಗಿಸಿದ್ದಾನೆ ಪುಣ್ಯಾತ್ಮ. ಮುಂದಿನ ಹಾಡು ಅವಳದು. ಮೋ ಕಟ್ಟಿದ ‘ಒಂದು ಮಹಡಿ ಕೆಳಗೆ’, ಊರಿಗೆಲ್ಲ ಬಾಯಿಪಾಠ, ಮದುವೆಯಲ್ಲಿ, ಲಿಫ್ಟಿನಲ್ಲಿ, ಸೋಪಿನ ಜಾಹೀರಾತಿನಲ್ಲೂ ಅದೇ, ಆದರೆ ಊರಿಗೆ ಗೊತ್ತಿರುವುದು ಪಲ್ಲವಿಯಿಂದ ಈಚೆಗಿನದು, ಅದಕ್ಕೂ ಮುಂಚೆ ತಾಳವಿಲ್ಲದೆ ಮಾತಾಡಿದ ಹಾಗೆ ಹಾಡಬೇಕಾದ ಪೀಠಿಕೆಯೊಂದಿದೆ, ಅದನ್ನು ಯಾರೂ ಹಾಡುವುದಿಲ್ಲ, ಪಲ್ಲವಿಗೆ ಪಲ್ಲಕ್ಕಿ, ಪೀಠಿಕೆಗೆ ಕೂರಲು ಒಂದು ಪೀಠವೂ ಇಲ್ಲ, ಜಾಜ್‌ನವರ ವಾಡಿಕೆಯೇ ಹಾಗೆ, ತಲೆ ತೆಗೆದಿಟ್ಟು ಮುಂಡದಿಂದ ಶುರು.

ಬೆಳಗ್ಗೆ ತಾಲೀಮಿನಲ್ಲೇ ಡೆಲ್ವಿನ್‌ಗೆ ಹೇಳಿದ್ದಳು, ಅವನೇ ಈ ತಂಡದ ನಾಯಕ, ಸಂಗೀತ ಶಾಲೆಯ ಪದವಿ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತದೆ — ನಾನು ಪೀಠಿಕೆ ಹಾಡ್ತೀನಪ್ಪ, ಅಂದರೆ, ಅಯ್ಯೋ ಮಿಸ್ ಅರ್ನೆಟಾ, ಜನ ಚಿಟಿಕೆ ಹಾಕೋಕೆ ಬರ್ತಾರೆ, ಪುರಾಣ ಕೇಳೋಕಲ್ಲ, ನಾನು ಹಾಡನ್ನ ಏಳೆಣಿಕೆಯ ತಾಳಕ್ಕೆ ಕೂರಿಸಿದೀನಿ, ನಾನು ಕೈ ಎತ್ತಿ ಎಣಿಸ್ತೀನಿ, ನೀವು ಸೀದಾ ಪಲ್ಲವಿಗೆ ಬಂದುಬಿಡಿ. ಏಳೆಣಿಕೆಯಂತೆ, ಏಳು ಏಳು ಅಂತಿದ್ದರೆ ಜನ ಎದ್ದೇ ಹೋಗ್ತಾರೆ ಕಣೋ, ಎಂದಿದ್ದಳು, ಎಲ್ಲರೂ ನಕ್ಕರು, ಡೆಲ್ವಿನ್ನೂ ನಕ್ಕ, ನಕ್ಕು ಪೀಠಿಕೆಯ ಮಾತನ್ನು ಅಲ್ಲೇ ಹೂತ. ನಗಲಿ. ಅವನಿಗೇನು ಗೊತ್ತು, ಆ ಸಾಲುಗಳಲ್ಲಿ ಇರುವುದು ಯಾರು ಅಂತ, ಮೋ ಆಗ ಮೇಲಿನ ಮನೆಯ ಬಡಕಲು ಹುಡುಗ, ಪಿಯಾನೋ ಕುಟ್ಟಿ ಕುಟ್ಟಿ ರಾಗ ಹುಟ್ಟದೆ ಒದ್ದಾಡುತ್ತಿದ್ದವನು, ಕೆಳಗೆ ಅಮ್ಮ ಊರವರ ಅಂಗಿಗಳಿಗೆ ಇಸ್ತ್ರಿ ಹಾಕುತ್ತ ತನ್ನಷ್ಟಕ್ಕೆ ಗುನುಗುತ್ತಿದ್ದಳು, ಗುನುಗಿದ್ದು ಸೀದಾ ಮೇಲಕ್ಕೆ ಹೋಯಿತು, ಹುಡುಗ ಕದ್ದ, ಆದರೆ ಕದ್ದ ಮಾಲಿಗೆ ಪೀಠಿಕೆಯಲ್ಲೇ ಯಜಮಾನಿಯ ಹೆಸರು ಬರೆದಿಟ್ಟ ಒಳ್ಳೇ ಕಳ್ಳ — ಈ ರಾಗ ನನ್ನದಲ್ಲ, ಕೆಳಮನೆಯ ಯೂಲಾ ಬಟ್ಟೆಗೆ ಬಿಸಿ ಇಟ್ಟಾಗ ನೆಲದ ಸಂದಿಯಿಂದ ಎದ್ದುಬಂದ ಆವಿ — ಅಷ್ಟೇ, ಅಮ್ಮ ಈ ಲೋಕದಲ್ಲಿ ಇದ್ದಳು ಅನ್ನುವುದಕ್ಕೆ ಅಷ್ಟೇ. ಗ್ರಾಮಫೋನ್ ತಟ್ಟೆಯಲ್ಲಿ ಮೂರೇ ನಿಮಿಷ ಹಿಡಿಯುವುದು ಅಂತ ಧ್ವನಿಮುದ್ರಣದವರು ಅದನ್ನೇ ಕತ್ತರಿಸಿದರು, ಮೋ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತ, ಯೂಲಾ, ತಲೆ ಕತ್ತರಿಸಿಬಿಟ್ಟರು, ಅಂದ, ಅಮ್ಮ ತಿರುಗಿಯೂ ನೋಡದೆ, ಬಾಲ ಉಳೀತಲ್ಲ, ಬಾ ಕಾಫಿ ಕುಡಿ, ನಿನ್ನ ಅಂಗಿ ಬಿಚ್ಚಿ ಕೊಡು, ಮುದುಡಿಹೋಗಿದೆ. ಆದರೂ ಅಮ್ಮ ತಾನು ಹಾಡುವಾಗ ತಲೆಯಿಂದಲೇ ಹಾಡುತ್ತಿದ್ದಳು, ಪೀಠಿಕೆ ಮುಗಿಯುವವರೆಗೂ ಇಸ್ತ್ರಿ ಗಾಳಿಯಲ್ಲಿ, ಎತ್ತಿ ಹಿಡಿದ ಕೈ ಅಲುಗದು, ಪಲ್ಲವಿ ಬಂದಾಗಲೇ ಸ್ಸ್ ಅಂತ ತಾಳಕ್ಕೆ ಸರಿಯಾಗಿ ಇಳಿಯುವುದು, ಮೇಜಿನ ಕೆಳಗೆ ಕೂತ ಪುಟ್ಟ ಅರ್ನೆಟಾಗೆ ಯಾವ ಶಾಲೆಯೂ ಹೇಳಿಕೊಡದ ಪಾಠ ಅದು, ಎಲ್ಲಿ ತಾಳ ಇಲ್ಲವೋ ಅಲ್ಲಿ ತಾಳಬೇಕು.

ಚಪ್ಪಾಳೆ. ಸ್ಯಾಕ್ಸೋಫೋನ್ ಕೊನೆಗೂ ಸತ್ತಿತು. ಡೆಲ್ವಿನ್ ಅವಳ ಹೆಸರು ಕೂಗುತ್ತಿದ್ದಾನೆ, ನಮ್ಮೆಲ್ಲರ ಅಕ್ಕರೆಯ ಅಂತ ಏನೇನೋ, ಅವಳು ಪಿಯಾನೋ ದಾಟುವಾಗ ಬಾಗಿದಳು, ಕ್ಲೀಟಸ್, ನಾನು ಅವನ ಎಣಿಕೆಗೆ ಕಾಯೋದಿಲ್ಲ, ನೀನು ನನ್ನ ಹಿಂದೆ ಬಾ. ಮುದುಕ ಕ್ಲೀಟಸ್ ಮುಂದೆ ನೋಡುತ್ತಲೇ ಗೊಣಗಿದ, ನಂಗೇನೂ ಕೇಳಿಸ್ಲಿಲ್ಲ ತಾಯಿ, ಕಿವಿ ಯಂತ್ರ ಮನೇಲಿ ಬಿಟ್ಟು ಬಂದಿದೀನಿ — ಪಿಯಾನೋದ ಒಂದೇ ಒಂದು ಮನೆ ಒತ್ತಿದ, ಮೆಲ್ಲಗೆ, ಅವಳ ಮೊದಲ ಸ್ವರ, ಕಳ್ಳನನ್ಮಗ. ಗಾಯಕಿ ಬಾಯಿ ತೆರೆದ ಮೇಲೆ ಯಾವ ವಾದ್ಯದವನೂ ಅವಳ ದನಿಯ ಮೇಲೆ ಬೀಳುವಂತಿಲ್ಲ, ಇದೂ ಜಾಜ್‌ನವರದೇ ವಾಡಿಕೆ, ಈ ವಾಡಿಕೆಯನ್ನು ತಲೆ ತೆಗೆಯುವ ಆ ವಾಡಿಕೆಯ ಮೇಲೆ ಛೂ ಬಿಡುತ್ತೇನೆ. ಡೆಲ್ವಿನ್ ಕೈ ಎತ್ತಿದ, ಒಂದು ಅನ್ನಲು ತುಟಿ ದುಂಡಗಾಯಿತು, ಅದಕ್ಕೂ ಮುಂಚೆ ಅವಳು — ಈ ರಾಗ ನನ್ನದಲ್ಲ — ಕುಂಚ ನಿಂತಿತು, ಮುಂದಿನ ಸಾಲಿನವರ ಚಿಟಿಕೆ ಬೆರಳಲ್ಲೇ ನಿಂತಿತು, ಡೆಲ್ವಿನ್‌ನ ಕಣ್ಣು ಕೆಂಪಗೆ, ಆದರೆ ಕೈ, ಕೈ ಇಳಿಯುತ್ತಿಲ್ಲ, ಇಳಿಸಿದರೆ ತಾಳ ಶುರು, ಇಳಿಸಲಾರ, ಕೆಳಮನೆಯ ಯೂಲಾ — ಹೆಸರು ಸಭೆಯ ಹಿಂದಿನ ಗೋಡೆಯವರೆಗೂ ಹೋಯಿತು — ಎತ್ತಿದ ಕೈ ಗಾಳಿಯಲ್ಲಿ, ಅಮ್ಮನ ಕೈ, ಆವಿ, ಅಲುಗದ ಕೈ, ಇಸ್ತ್ರಿ ಗಾಳಿಯಲ್ಲಿ, ಇಸ್ತ್ರಿ ಇನ್ನೂ ಗಾಳಿಯಲ್ಲಿ —